ನನ್ನ ರಕ್ತ ಕಂದಾದ ಬೇಸಿಗೆ

ನನ್ನ ತುಟಿಯ ಬಣ್ಣ ಬದಲಾಗಿದ್ದನ್ನು ಮೊದಲು ಕಂಡವಳು ಮಗಳು ನೇಹಾ. ಶನಿವಾರ ತಲೆಗೆ ಸ್ನಾನ ಮಾಡಿ, ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದಿದ್ದೆ. ಆಗವಳು ಒಂಬತ್ತನೇ ಕ್ಲಾಸು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. ನನ್ನ ಮುಖ ನೋಡಿ ನಕ್ಕಳು. "ಮಮ್ಮಿ, ಜಾಮುನ್ ಖಾಯಾ ಕ್ಯಾ?"

ನೇರಳೆ ಹಣ್ಣು ಮನೆಗೆ ಬಂದೇ ಇರಲಿಲ್ಲ. ಕನ್ನಡಿ ನೋಡಿದೆ. ತುಟಿ ಬೂದು ಮಿಶ್ರಿತ ನೀಲಿ. ಟವೆಲ್ಲಿನ ತುದಿಯಿಂದ ಉಜ್ಜಿದೆ, ಹೋಗಲಿಲ್ಲ. ತಲೆ ಸಿಡಿಯುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಸೆಖೆಗಿರಬೇಕು ಎಂದುಕೊಂಡು ಮಲಗಿದೆ. ಸೋಮವಾರ ಠಾಣೆ ನಗರದ ಆಫೀಸಿಗೆ ಲೋಕಲ್ ಟ್ರೈನ್ ಹಿಡಿಯುವಷ್ಟು ಹೊತ್ತಿಗೆ ಎಲ್ಲ ಸರಿಹೋಗಿತ್ತು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ ಅದು. ನಾವಿದ್ದದ್ದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎನ್ನುವ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ, ಮೂರು ಮಹಡಿಯ ಒಂದು ಹಳೆಯ ಫ್ಲ್ಯಾಟ್ ಸೊಸೈಟಿಯಲ್ಲಿ. ನನ್ನ ಗಂಡ ಸುಧಾಕರ ಅಲ್ಲೇ ಹತ್ತಿರದ ಒಂದು ಬಣ್ಣದ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಾನು ಮೈಸೂರಿನವಳು, ಅವರು ಉಡುಪಿಯವರು. ನಮ್ಮ ಜೊತೆಗೆ ಅತ್ತೆ ಇದ್ದರು. ಕಿಟಕಿ ತೆರೆದರೆ ಯಾವ ವಾಸನೆ ಬರುತ್ತದೆ ಎನ್ನುವುದು ಗಾಳಿ ಬೀಸುವ ದಿಕ್ಕಿನ ಮೇಲೆ ಹೋಗುತ್ತಿತ್ತು: ಒಮ್ಮೆ ಕೊಳೆತ ಮೊಟ್ಟೆ, ಒಮ್ಮೆ ಸುಟ್ಟ ರಬ್ಬರು, ಒಮ್ಮೆ ಹೆಸರಿಲ್ಲದ ಸಿಹಿ. ಊರಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಾವು ನಗುತ್ತಿದ್ದೆವು.

ಆ ಬೇಸಿಗೆಯಲ್ಲಿ ವಾರಕ್ಕೊಂದು ದಿನ, ಶುಕ್ರವಾರ, ನೀರು ಬಂದ್ ಆಗುತ್ತಿತ್ತು. ಟ್ಯಾಂಕಿನಲ್ಲಿದ್ದದ್ದು ಶುಕ್ರವಾರಕ್ಕೆ ಮುಗಿದು, ಶನಿವಾರ ಸಂಜೆಯವರೆಗೆ ನಲ್ಲಿ ಬರೀ ಗಾಳಿ ಬಿಡುತ್ತಿತ್ತು. ಸೊಸೈಟಿಯ ಸೆಕ್ರೆಟರಿ ಪಾಟೀಲರು ಮುತುವರ್ಜಿಯಿಂದ ಗುಜರಿಯವನೊಬ್ಬನನ್ನು ಹಿಡಿದು, ಮನೆಗೊಂದರಂತೆ ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ ತರಿಸಿಕೊಟ್ಟಿದ್ದರು. ನಮ್ಮದನ್ನು ಬಚ್ಚಲ ಮೂಲೆಯಲ್ಲಿಟ್ಟು, ಸೋಪಿನಿಂದ ತೊಳೆದು, ಗುರುವಾರ ತುಂಬಿಸಿಡುತ್ತಿದ್ದೆವು. ಕುಡಿಯುವುದಕ್ಕೆ ಫಿಲ್ಟರ್ ನೀರು ಬೇರೆ ಇತ್ತು. ಶನಿವಾರದ ನನ್ನ ತಲೆಸ್ನಾನ, ಬಟ್ಟೆ ಒಗೆತ ಎಲ್ಲ ಆ ಡ್ರಮ್ಮಿನ ನೀರಿನಲ್ಲಿ.

ಮುಂದಿನ ಶನಿವಾರವೂ ತಲೆ ತಿರುಗಿತು. ಅದರ ಮುಂದಿನ ಶನಿವಾರವೂ. ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಉಸಿರು ಸಾಲದೆ ಬಾಲ್ಕನಿಯ ನೆಲದ ಮೇಲೆ ಕೂರುತ್ತಿದ್ದೆ. ಅತ್ತೆಗೆ ಅನುಮಾನ ಬಂತು. ಘಣಸೋಲಿಯಲ್ಲಿರುವ ಮಗಳು ಸುಮನಾಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಆಫೀಸಿಗೆ ಹೋಗುವ ದಿನ ಇವಳಿಗೆ ಎಂತದೂ ಇಲ್ಲ. ರಜೆ ಬಂದ ಕೂಡ್ಲೇ ತಲೆ ತಿರುಗುದು. ಇದು ಎಂತ ಕಾಯಿಲೆ ಮಾರಾಯ್ತಿ!"

ಆಮೇಲೆ ಮಾತು ತುಳುವಿಗೆ ಹೊರಳಿತು. ಮದುವೆಯಾಗಿ ಹದಿನೈದು ವರ್ಷಕ್ಕೂ ಮೇಲಾಗಿದ್ದರೂ ನನಗೆ ತುಳು ಅರ್ಧಂಬರ್ಧ. ನಡುನಡುವೆ ನನ್ನ ಹೆಸರು ಕೇಳಿಸಿತು, ಅಷ್ಟೆ. ಆವತ್ತಿನಿಂದ ಮನೆಯಲ್ಲಿ ಯಾರು ತುಳುವಿನಲ್ಲಿ ಮಾತಾಡಿದರೂ ನನ್ನ ಬಗ್ಗೆಯೇ ಇರಬೇಕು ಅನ್ನಿಸತೊಡಗಿತು. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಅನುಮಾನ ನನ್ನ ಮೈಗೆ ಹತ್ತಿತು.

ನಮ್ಮ ರಸ್ತೆಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಬರೆದರು. ಎರಡನೇ ಸಲ ಹೋದಾಗ ಪೆನ್ನಿನ ಮುಚ್ಚಳ ಹಾಕುತ್ತಾ, "ಟೆನ್ಷನ್ ಹೈ ಮ್ಯಾಡಮ್. ಘರ್ ಮೇ ಸಬ್ ಠೀಕ್ ಹೈ ನಾ?" ಎಂದು ಮನೆಯ ನೆಮ್ಮದಿ ವಿಚಾರಿಸಿದರು.

"ಡಾಕ್ಟರೇ, ಇಲ್ಲಿನ ಗಾಳಿಯಿಂದ ಏನಾದರೂ ಆಗಿರಬಹುದಾ?" ಎಂದು ಹಿಂದಿಯಲ್ಲಿ ಕೇಳಿದೆ.

ಅವರು ನಕ್ಕರು. ಗಾಳಿಯಿಂದಾದರೆ ಇಡೀ ಎಂಐಡಿಸಿ ಮಲಗಬೇಕಿತ್ತಲ್ಲ ಎಂದರು. ಹೊರಗೆ ಕಾಯುವ ಬೆಂಚಿನಲ್ಲಿ ಇಬ್ಬರು ಫ್ಯಾಕ್ಟರಿ ಕೆಲಸಗಾರರು ಮೆಡಿಕಲ್ ತಪಾಸಣೆಯ ಚೀಟಿ ಹಿಡಿದು ಕೂತಿದ್ದರು. ಸುತ್ತಲಿನ ನಾಲ್ಕಾರು ಕಂಪನಿಗಳಿಗೆ ಇವರೇ ಡಾಕ್ಟರು ಎಂದು ಆಗ ಗೊತ್ತಾಯಿತು. ಅವರು ಸುಳ್ಳು ಹೇಳಿದರು ಎನ್ನುವುದಕ್ಕೆ ನನ್ನಲ್ಲಿ ಏನೂ ಪುರಾವೆ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಆ ಟಾನಿಕ್ ಬಾಟಲಿಯನ್ನು ನಾನು ಮುಗಿಸಲಿಲ್ಲ.

ಮೇ ತಿಂಗಳ ಒಂದು ಶನಿವಾರ ಬಚ್ಚಲ ಬಾಗಿಲಲ್ಲೇ ಕುಸಿದೆ. ನೇಹಾ ಕಿರುಚಿದ್ದು ನೆನಪಿದೆ. ಸುಧಾಕರ ಡ್ಯೂಟಿ ಬಿಟ್ಟು ಓಡಿ ಬಂದರು. ನನ್ನನ್ನು ಪಕ್ಕದ ಊರು ಕಲ್ಯಾಣದ ಒಂದು ಆಸ್ಪತ್ರೆಗೆ ಸೇರಿಸಿದರು. ಬೆರಳಿಗೆ ಕ್ಲಿಪ್ ಹಾಕಿ, ಮೂಗಿಗೆ ಆಕ್ಸಿಜನ್ ಕೊಟ್ಟರು. ಎಷ್ಟು ಕೊಟ್ಟರೂ ಯಂತ್ರದಲ್ಲಿ ಅಂಕಿ ಏರಲಿಲ್ಲ. ನರ್ಸು ಕ್ಲಿಪ್ಪನ್ನೇ ಅನುಮಾನಿಸಿ ಬೇರೆ ಬೆರಳಿಗೆ ಹಾಕಿದಳು, ಆಮೇಲೆ ಬೇರೆ ಕ್ಲಿಪ್ಪನ್ನೇ ತಂದಳು.

ಡ್ಯೂಟಿಯಲ್ಲಿದ್ದವರು ಸ್ಮಿತಾ ಎಂಬ ಎಳೆಯ ಡಾಕ್ಟರು. ರಕ್ತ ತೆಗೆದು ಸಿರಿಂಜನ್ನು ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ನಾನೂ ನೋಡಿದೆ. ಅದು ಕೆಂಪಿರಲಿಲ್ಲ. ಕರಗಿಸಿದ ಚಾಕೊಲೇಟಿನ ಹಾಗೆ ಕಂದಾಗಿತ್ತು. ನನ್ನ ಮೈಯಲ್ಲಿ ಅದು ಹರಿಯುತ್ತಿದೆ ಎಂಬುದು ತಲೆಗೆ ಹೋದಾಗ ಆದ ಭಯವನ್ನು ಹೇಗೆ ಹೇಳಲಿ! ಸತ್ತ ಮೇಲಷ್ಟೇ ರಕ್ತ ಹಾಗಾಗುತ್ತದೆ ಎಂದುಕೊಂಡಿದ್ದೆ.

ಡಾಕ್ಟರು ನನ್ನನ್ನಲ್ಲ, ಸುಧಾಕರರನ್ನು ಕೇಳಿದರು. "ಆಪ್ ಕಹಾಂ ಕಾಮ್ ಕರತೇ ಹೈ?"

"ಬಣ್ಣದ ಫ್ಯಾಕ್ಟರಿ," ಎಂದರು ಇವರು. ಅವರ ಕೈಯಲ್ಲಿ ನನ್ನ ಚಪ್ಪಲಿ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನೋಡಿದರು.

ಯಾವುದೋ ರಾಸಾಯನಿಕ ನನ್ನ ಮೈಸೇರಿ, ರಕ್ತ ಪ್ರಾಣವಾಯು ಹೊರುವುದನ್ನೇ ಮರೆಯುವಂತೆ ಮಾಡಿದೆ ಎಂದರು ಡಾಕ್ಟರು. ಬಣ್ಣದ ಉದ್ಯಮದಲ್ಲಿ ಬಳಸುವ ಕೆಲವು ವಸ್ತುಗಳಿಂದ ಹೀಗಾಗುತ್ತದಂತೆ, ಕೆಲವರ ಮೈ ಅದನ್ನು ಕಡಿಮೆ ತಾಳುತ್ತದಂತೆ. ಅದಕ್ಕೆ ಔಷಧಿಯೂ ಒಂದು ಬಣ್ಣವೇ, ಕಡು ನೀಲಿ. ನರದೊಳಗೆ ಅದು ಇಳಿಯುವುದನ್ನು ನೋಡುತ್ತಾ, ಇವರೂ ಸೇರಿ ನನ್ನನ್ನು ಮುಗಿಸುತ್ತಿದ್ದಾರೆ ಎಂದು ಒಂದು ಕ್ಷಣ ನಿಜವಾಗಿಯೂ ನಂಬಿದ್ದೆ. ಸ್ವಲ್ಪ ಹೊತ್ತಿನಲ್ಲೇ ಉಸಿರು ಸಲೀಸಾಯಿತು. ಮರುದಿನ ಮೂತ್ರ ಹಸಿರು ನೀಲಿ ಹೋದಾಗ ನೇಹಾ ಬಿದ್ದು ಬಿದ್ದು ನಕ್ಕಳು. ಆ ವಾರದಲ್ಲಿ ನಮ್ಮ ಮನೆಯವರ್ಯಾರಾದರೂ ನಕ್ಕಿದ್ದು ಅದೊಂದೇ ಸಲ. ಅವಳ ರಕ್ತವನ್ನೂ ಪರೀಕ್ಷಿಸಿದರು. ಅವಳಲ್ಲೂ ಸ್ವಲ್ಪ ಇತ್ತು, ಔಷಧಿ ಬೇಕಾಗುವಷ್ಟಲ್ಲ. ಅವಳ ತಲೆನೋವನ್ನು ನಾವು ಪರೀಕ್ಷೆಯ ಭಯ ಎಂದುಕೊಂಡಿದ್ದೆವು.

ನನ್ನ ಅನುಮಾನಕ್ಕೆ ಈಗ ಒಂದು ಗುರಿ ಸಿಕ್ಕಿತು: ಗಂಡನ ಯೂನಿಫಾರ್ಮ್. ಪ್ರತಿ ಶನಿವಾರ ಅದನ್ನು ಕೈಯಲ್ಲಿ ಉಜ್ಜಿ ಒಗೆಯುತ್ತಿದ್ದವಳು ನಾನೇ. ಆಸ್ಪತ್ರೆಯ ಮಂಚದ ಮೇಲೆ ಕೂತು ಕೇಳಿದೆ. "ರೀ, ನೀವು ಆ ಬಟ್ಟೆಯಲ್ಲಿ ಏನು ತರ್ತಿದ್ರಿ ಮನೆಗೆ?"

"ಶೈಲಾ, ನಾನು ಸ್ಟೋರ್ಸಲ್ಲಿ ಕೂತ್ಕೊಳ್ಳುದು. ಪ್ಲಾಂಟಿನ ಒಳಗೆ ಹೋಗುದಿಲ್ಲ."

"ಹೋಗಲ್ಲ ಅಂತ ನೀವು ಹೇಳ್ತೀರ."

ಆಮೇಲೆ ಅವರು ಯೂನಿಫಾರ್ಮನ್ನು ಮನೆಗೆ ತರುವುದನ್ನೇ ನಿಲ್ಲಿಸಿದರು, ಮೊದಲಿನಿಂದಲೂ ಫ್ಯಾಕ್ಟರಿಯಲ್ಲೇ ಸ್ನಾನ ಮುಗಿಸುತ್ತಿದ್ದವರು ಈಗ ಬೇರೆ ಬಟ್ಟೆಯನ್ನೂ ಅಲ್ಲೇ ಹಾಕಿ ಬರತೊಡಗಿದರು. ಬಾಗಿಲಲ್ಲಿ ಅವರ ಅಂಗಿಯ ತೋಳನ್ನು ನಾನು ಮೂಸಿ ನೋಡುತ್ತಿದ್ದೆ. ಅವರು ತೋಳು ಚಾಚಿ ಸುಮ್ಮನೆ ನಿಲ್ಲುತ್ತಿದ್ದರು.

ಸುಧಾರಿಸಿಕೊಳ್ಳಲು ಘಣಸೋಲಿಯ ಸುಮನಾಳ ಮನೆಗೆ ಹೋದೆ. ಅಲ್ಲಿದ್ದ ದಿನಗಳಲ್ಲಿ ಒಂದು ಶನಿವಾರವೂ ತಲೆ ತಿರುಗಲಿಲ್ಲ. ಮೂರು ಮಹಡಿ ಹತ್ತಿ ಇಳಿದೆ. ಸುಮನಾ ನನ್ನ ಉಗುರು ಹಿಡಿದು ನೋಡಿ, "ಅತ್ತಿಗೆ, ನಿಮ್ಗೆ ಆ ಮನೆಯೇ ಆಗುದಿಲ್ಲ ಕಾಣ್ತದೆ," ಎಂದಳು. ತಮಾಷೆಗೆ ಹೇಳಿದ ಮಾತು. ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತಾ ಡೊಂಬಿವಲಿಗೆ ವಾಪಸಾದೆ.

ಬಂದ ಮೊದಲ ಶನಿವಾರ ಬೆಳಿಗ್ಗೆ ಹೊರಗಿಂದ ಏನೋ ವಾಸನೆ ಬರುತ್ತಿದೆ ಎಂದು ಬಚ್ಚಲಿನ ಕಿಟಕಿ ಮುಚ್ಚಿದೆ. ಬೂಟ್ ಪಾಲಿಶಿನ ಹಾಗೆ, ಜೊತೆಗೆ ಕಹಿ ಬಾದಾಮಿಯ ಹಾಗೆ. ಆ ವಾಸನೆಯ ಪರಿಚಯ ನನಗಿತ್ತು, ಎಂಐಡಿಸಿಯ ಗಾಳಿ ಎಂದು ಬಿಟ್ಟುಬಿಟ್ಟಿದ್ದೆ. ಆದರೆ ಕಿಟಕಿ ಮುಚ್ಚಿದ ಮೇಲೆ ವಾಸನೆ ಕಡಿಮೆಯಾಗಬೇಕಲ್ಲ? ಅದು ಹೆಚ್ಚಾಯಿತು.

ಹೊಸ್ತಿಲಲ್ಲಿ ನಿಂತು ಒಂದೊಂದೇ ವಸ್ತುವನ್ನು ನೋಡಿದೆ. ಫಿನಾಯಿಲ್, ಸೋಪಿನ ಪುಡಿ, ಬಕೆಟ್, ಡ್ರಮ್. ಟಾರ್ಚ್ ತಂದು ಡ್ರಮ್ಮಿನೊಳಗೆ ಬೆಳಕು ಬಿಟ್ಟೆ. ಶುಕ್ರವಾರ ಬಳಸಿ ನೀರು ತಳಕ್ಕಿಳಿದಿತ್ತು. ತಳದ ಅಂಚಿನ ಕಾಲುವೆಯಲ್ಲಿ ಕಂದು ಎಣ್ಣೆಯಂಥ ಹನಿಗಳು ನೀರಿನಡಿಯಲ್ಲಿ ಮಣಿಗಳ ಹಾಗೆ ಕೂತಿದ್ದವು. ಡ್ರಮ್ಮನ್ನು ಒಂಚೂರು ಅಲುಗಿಸಿದೆ. ಅವು ಉರುಳಿದವು.

ಹಿಂದಕ್ಕೆ ಸರಿದು ಬಾಗಿಲು ಎಳೆದುಕೊಂಡೆ. ಎಲ್ಲ ಹೊಂದಿಕೊಂಡಿತು. ಇವರು ಸ್ನಾನ ಮಾಡುವುದು ಫ್ಯಾಕ್ಟರಿಯಲ್ಲಿ. ಅತ್ತೆ ಮಡಿಯವರು, ಪ್ಲಾಸ್ಟಿಕ್ ಡ್ರಮ್ಮಿನ ನೀರು ಮುಟ್ಟದೆ ತಮ್ಮ ತಾಮ್ರದ ಕೊಳಗದ ನೀರಿನಲ್ಲೇ ಸ್ನಾನ ಮುಗಿಸುವವರು. ಉಳಿದದ್ದು ನಾನು ಮತ್ತು ನೇಹಾ. ಅದರಲ್ಲೂ ತಳದ ನೀರನ್ನು ಬಿಸಿ ಮಾಡಿ ಉದ್ದ ಕೂದಲಿಗೆಲ್ಲ ಹಾಕಿಕೊಂಡು, ಮಿಕ್ಕಿದ್ದರಲ್ಲಿ ಬಟ್ಟೆ ಒಗೆದವಳು ನಾನು. ಸುಧಾಕರರ ಯೂನಿಫಾರ್ಮಿನ ತಪ್ಪೇನೂ ಇರಲಿಲ್ಲ.

ಡಾಕ್ಟರ್ ಸ್ಮಿತಾರಿಗೆ ಫೋನ್ ಮಾಡಿದೆ. ಆ ನೀರನ್ನು ಯಾರೂ ಮುಟ್ಟಬಾರದು ಎಂದು ಹೇಳಿ, ಒಂದು ಪ್ರಶ್ನೆ ಕೇಳಿದರು. "ಇಂಥ ಡ್ರಮ್ ಬೇರೆ ಯಾರ ಮನೆಯಲ್ಲಿದೆ?"

ಎಲ್ಲರ ಮನೆಯಲ್ಲಿತ್ತು. ಆದರೆ ನನಗೆ ಮೊದಲು ಹೊಳೆದದ್ದು ನಮ್ಮ ಮೇಲಿನ ಮನೆಯ ವೈಶಾಲಿಯ ಮಗು ಓವಿ. ಇನ್ನೂ ಕೂರಲು ಕಲಿಯದ ಹಸುಗೂಸು. ಹಾಲು ಕುಡಿಯುವಾಗ ಸುಸ್ತಾಗುತ್ತದೆ, ಉಗುರು ನೀಲಿ ಕಾಣುತ್ತದೆ, ಹೃದಯ ತೋರಿಸಲು ಠಾಣೆಯಲ್ಲಿ ತಾರೀಕು ತೆಗೆದುಕೊಂಡಿದ್ದೇವೆ ಎಂದು ವೈಶಾಲಿ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ್ದಳು.

ನಾನು ಹೋದಾಗ ಅವಳ ಅತ್ತೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಒಲೆಯ ಮೇಲೆ ಸ್ನಾನದ ನೀರು ಹಬೆಯಾಡುತ್ತಿತ್ತು. ಅದೇ ಬಾದಾಮಿ ವಾಸನೆ. ಕೇಳದೆಯೇ ಒಲೆ ಆರಿಸಿದೆ. ನನಗೆ ಗೊತ್ತಿದ್ದಷ್ಟು ಮರಾಠಿಯಲ್ಲಿ ಆ ನೀರು ವಿಷ ಎಂದೆ.

ವೈಶಾಲಿ ಮೊದಲು ಮಗುವನ್ನು ಎತ್ತಿಕೊಂಡಳು, ಆಮೇಲೆ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ತುಮಚ್ಯಾ ಮಿಸ್ಟರಾಂಚ್ಯಾ ಕಂಪನೀಚೇ ಡ್ರಮ್ ಆಹೇತ ನಾ ಹೇ?" ನಿಮ್ಮ ಯಜಮಾನರ ಕಂಪನಿಯದೇ ಡ್ರಮ್ ಅಲ್ಲವಾ ಇವು?

ಇಷ್ಟು ದಿನ ಎಲ್ಲರನ್ನೂ ನಾನು ನೋಡುತ್ತಿದ್ದ ಕಣ್ಣಿನಲ್ಲೇ ಅವಳು ನನ್ನನ್ನು ನೋಡುತ್ತಿದ್ದಳು.

"ನನಗೆ ಗೊತ್ತಿಲ್ಲ," ಎಂದೆ. "ನೀನು ನನ್ನನ್ನು ನಂಬಬೇಡ. ಕಲ್ಯಾಣಕ್ಕೆ ಬಾ, ಮಗುವಿನ ರಕ್ತ ತೆಗೆಯುವಾಗ ನಿನ್ನ ಕಣ್ಣಾರೆ ಬಣ್ಣ ನೋಡು. ಕೆಂಪಿದ್ದರೆ ಇನ್ನು ಮೇಲೆ ನನ್ನ ಹತ್ತಿರ ಮಾತಾಡಬೇಡ."

ಅವಳ ಗಂಡ ಕೆಲಸದ ಮೇಲೆ ನಾಶಿಕಕ್ಕೆ ಹೋಗಿದ್ದ. ರಿಕ್ಷಾದಲ್ಲಿ ನಾವಿಬ್ಬರೇ ಹೋದೆವು. ದಾರಿಯುದ್ದಕ್ಕೂ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಮಗು ಅಳುತ್ತಲೂ ಇರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಆಸ್ಪತ್ರೆಯಲ್ಲಿ ಸಣ್ಣ ಹಿಮ್ಮಡಿಗೆ ಸೂಜಿ ಚುಚ್ಚಿದರು. ಬಿಳಿ ಹತ್ತಿಯ ಮೇಲೆ ಹನಿ ಬಿತ್ತು. ಕಂದು.

ವೈಶಾಲಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಳೆ ಒತ್ತಿ ನೋಯುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಓವಿಯನ್ನು ಕೆಲವು ದಿನ ಒಳಗಿಟ್ಟುಕೊಂಡರು. ಔಷಧಿಯಾದ ಮೇಲೆ ಅವಳ ಲಂಗೋಟಿ ನೀಲಿಯಾಯಿತು, ಉಗುರು ಗುಲಾಬಿಯಾಯಿತು, ಇಡೀ ವಾರ್ಡು ಎದ್ದು ಕೂರುವ ಹಾಗೆ ಅತ್ತಳು. ಠಾಣೆಯ ಹೃದಯದ ಡಾಕ್ಟರೂ ತಪ್ಪದೆ ನೋಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದರು.

ಸೊಸೈಟಿಯ ಮೀಟಿಂಗ್ ನಡೆಯಿತು. ಪಾಟೀಲರು ಕೆಟ್ಟವರಲ್ಲ, ಹೆದರಿದ್ದರು. ಗುಜರಿಯವನು ಡ್ರಮ್ ವಾಪಸು ಒಯ್ಯಲು ಒಪ್ಪಿದ್ದಾನೆ, ಶಹಾಡಿನಿಂದ ಟೆಂಪೋ ಬರುತ್ತದೆ ಎಂದರು. "ಬಾತ್ ಯಹೀಂ ಖತಂ ಕರೋ ಮ್ಯಾಡಮ್. ಬಾಹರ್ ಗಯೀ ತೋ ಫ್ಲ್ಯಾಟ್ ಕಾ ರೇಟ್ ಗಿರೇಗಾ." ವಿಷಯ ಹೊರಗೆ ಹೋದರೆ ಫ್ಲ್ಯಾಟಿನ ಬೆಲೆ ಬೀಳುತ್ತದಂತೆ.

"ಅವನು ಒಯ್ದು ಏನು ಮಾಡ್ತಾನೆ?" ಎಂದು ಕೇಳಿದೆ.

ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಬಿಲ್ಡಿಂಗಿಗೆ, ಇಲ್ಲವೇ ಒಂದು ಚಾಳಿನ ವಠಾರಕ್ಕೆ ಮಾರುತ್ತಾನೆ. ಹಿಂದಿನ ಸಾಲಿನಿಂದ ಯಾರೋ, ಸ್ಟೋರ್ಸ್ ನೋಡುವವರ ಮನೆಯವರೇ ಇಷ್ಟು ಜೋರು ಮಾಡಿದರೆ ಹೇಗೆ ಎಂದರು. ಸುಧಾಕರ ತಲೆ ಬಗ್ಗಿಸಿ ಕೂತಿದ್ದವರು ಎದ್ದು ಹೊರಗೆ ಹೋದರು. ಅವಮಾನಕ್ಕೆ ಹೋದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಗರಗಸ ಮತ್ತು ದಪ್ಪ ರಬ್ಬರಿನ ಗ್ಲೌಸ್ ಹಿಡಿದು ವಾಪಸು ಬಂದರು. ಕೆಳಗಿಳಿಸಿಟ್ಟಿದ್ದ ಡ್ರಮ್ಮುಗಳನ್ನು ಕಾಂಪೌಂಡಿನಲ್ಲಿ ಒಂದೊಂದಾಗಿ ಸೀಳತೊಡಗಿದರು. ಟೆಂಪೋದವನು ಬಂದು ಕೂಗಾಡಿದ, ಇವರು ಬಗ್ಗಲಿಲ್ಲ. ವೈಶಾಲಿಯ ಗಂಡ ಇನ್ನೊಂದು ಬದಿ ಹಿಡಿದುಕೊಂಡ. ತುಂಡುಗಳು ಅಪಾಯಕಾರಿ ತ್ಯಾಜ್ಯ ಒಯ್ಯುವ ಲಾರಿಗೆ ಹೋದವು. ಒಂದನ್ನು ಮಾತ್ರ ದೂರಿನ ಜೊತೆ ತೋರಿಸಲು ಇಟ್ಟುಕೊಂಡೆವು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಿಂದ ಬಂದವರು ಫೋಟೋ ತೆಗೆದು ಲೇಬಲ್ ಎಲ್ಲಿ ಎಂದು ಕೇಳಿದರು. ಲೇಬಲನ್ನು ಯಾರೋ ಮೊದಲೇ ಕೆರೆದು ತೆಗೆದಿದ್ದರು. ಹಾಗಾದರೆ ಇದು ಯಾವ ಕಂಪನಿಯದು ಎಂದು ಹೇಳುವುದು ಹೇಗೆ ಎಂದು ನಮ್ಮನ್ನೇ ಕೇಳಿ ಹೋದರು.

ಆ ಪ್ರಶ್ನೆ ನಮ್ಮಿಬ್ಬರ ನಡುವೆ ಉಳಿಯಿತು. ರಕ್ತ ಪರೀಕ್ಷೆಗೆಂದು ಕಲ್ಯಾಣಕ್ಕೆ ಹೋಗಿ, ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಕೇಳಿಯೇಬಿಟ್ಟೆ. "ಆ ಡ್ರಮ್ ನಿಮ್ಮ ಕಂಪನಿಯವಾ?"

"ಇರಬಹುದು," ಎಂದರು ಇವರು. "ಖಾಲಿ ಡ್ರಮ್ಮೆಲ್ಲ ಸ್ಟೋರ್ಸಿಂದಲೇ ಹೊರಗೆ ಹೋಗುದು ಶೈಲಾ. ಗುಜರಿಯವರು ಬರ್ತಾರೆ, ತಗೊಂಡು ಹೋಗ್ತಾರೆ. ಎಲ್ಲಿಗೆ ಅಂತ ನಾನು ಒಂದು ದಿನ ಕೇಳಿದವ ಅಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು, ಅದೂ ಹಗುರಾದ ಅಳು. ಆ ಬೇಸಿಗೆಯೆಲ್ಲ ನಾನು ಕೇಳಿದ ಪ್ರತಿಯೊಬ್ಬರೂ ಸಾಧ್ಯವೇ ಇಲ್ಲ ಎಂದಿದ್ದರು. ಇರಬಹುದು ಎಂದವರು ಇವರೊಬ್ಬರೇ. ಕಂಪೌಂಡರ್ ನನ್ನ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ರಕ್ತ ಕೆಂಪಗೆ ಬಂತು.

ಆಮೇಲೆ ಅವರು ಗೇಟಿನಿಂದ ಹೊರಹೋಗುವ ಪ್ರತಿ ಡ್ರಮ್ಮಿಗೂ ತೂತು ಹಾಕಿಸತೊಡಗಿದರು. ತೂತಾದ ಡ್ರಮ್ ಪುಡಿ ಮಾಡುವುದಕ್ಕಲ್ಲದೆ ಬೇರೆ ಉಪಯೋಗಕ್ಕೆ ಬರುವುದಿಲ್ಲ. ಗುಜರಿಯವರು ಗೊಣಗಿದರು, ಮ್ಯಾನೇಜರ್ ಕರೆದು, ನಿಮಗೆ ಯಾರು ಹೇಳಿದ್ದು ಎಂದು ಕೇಳಿದರು. ವಾದ ಬೆಳೆಯಿತು. ಮುಂದಿನ ವರ್ಷ ಇವರನ್ನು ಬೇರೆ ವಿಭಾಗಕ್ಕೆ ಹಾಕಿದರು, ಅದಾದ ಮೇಲೆ ಇವರೇ ಬಿಟ್ಟರು. ನವಿ ಮುಂಬಯಿಯಲ್ಲಿ ಒಂದು ಗೋದಾಮಿನ ಕೆಲಸ ಸಿಕ್ಕಿತು. ಘಣಸೋಲಿಯಲ್ಲಿ ಸುಮನಾಳ ಮನೆಯ ಹತ್ತಿರವೇ ಮನೆ ಮಾಡಿದೆವು. ಅತ್ತೆ ಈಗ ನನ್ನೆದುರು ತುಳುವಿನಲ್ಲಿ ಏನಾದರೂ ಅಂದರೆ ಕೂಡಲೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾರೆ. ನಾನು ಕೇಳಿದ್ದಲ್ಲ, ತಾವಾಗಿಯೇ.

ನನ್ನ ಮೈ ಗುಣವಾಗಿದೆ. ಯಾವ ಡಾಕ್ಟರ ಹತ್ತಿರ ಹೋದರೂ, ಕೆಲವು ಔಷಧಿ ನನಗಾಗುವುದಿಲ್ಲ ಎಂದು ಮೊದಲೇ ಹೇಳಬೇಕು, ಅಷ್ಟೆ. ಮನಸ್ಸು ಅಷ್ಟು ಬೇಗ ಗುಣವಾಗಲಿಲ್ಲ. ನೆಂಟರ ಮನೆಯಲ್ಲಿ ಲೋಟದ ನೀರು ಮೂಸುತ್ತೇನೆ, ಅವರು ಬೇಜಾರು ಮಾಡಿಕೊಳ್ಳುತ್ತಾರೆ. ನಿಮಗೂ ಇಂಥ ಅಭ್ಯಾಸ ಅಂಟಿಕೊಂಡಿದ್ದರೆ ನಾಚಬೇಡಿ. ಹುಚ್ಚು ಹಿಡಿದಿದೆ ಎಂದು ಯಾರಾದರೂ ಅಂದರೆ, ನನ್ನನ್ನೂ ಹಾಗೇ ಅಂದಿದ್ದರು ಎಂದು ನೆನಪಿಟ್ಟುಕೊಳ್ಳಿ.

ಹಳೆಯ ಕಂಪನಿಯಲ್ಲಿ ಸುಧಾಕರರ ಜಾಗಕ್ಕೆ ಬಂದವನು ಡ್ರಮ್ಮಿಗೆ ತೂತು ಹಾಕುವುದನ್ನು ಮುಂದುವರಿಸಿದ್ದಾನೆಂದು ಇವರ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ನನಗೆ ಹೇಳಿದರು.

"ನೀವು ನೋಡಿದ್ರಾ?" ಎಂದೆ.

"ಇಲ್ಲ. ಅವ ಹೇಳಿದ್ದು."

ಮರುವಾರ ಇಬ್ಬರೂ ಡೊಂಬಿವಲಿಗೆ ಹೋದೆವು. ಓವಿಯ ಮನೆಗೂ ಹೋಗುವುದಿತ್ತು, ಅವಳನ್ನು ಬಾಲವಾಡಿಗೆ ಸೇರಿಸಿದ್ದರು. ಅದಕ್ಕೆ ಮೊದಲು ಫ್ಯಾಕ್ಟರಿಯ ಗೇಟಿನೆದುರಿನ ಟಪರಿಯಲ್ಲಿ ಚಹಾ ತೆಗೆದುಕೊಂಡು ನಿಂತೆವು. ಜಿಟಿಜಿಟಿ ಮಳೆ. ಡ್ರಮ್ ತುಂಬಿದ ಟೆಂಪೋ ಹೊರಗೆ ಬಂದು, ವಾಚ್‌ಮನ್‌ನ ಸಹಿಗಾಗಿ ನಿಂತಿತು. ನಾನು ಕೊಡೆ ಮಡಚಿ ರಸ್ತೆ ದಾಟಿದೆ.

"ಶೈಲಾ, ಮುಟ್ಬೇಡ ಮಾರಾಯ್ತಿ," ಎಂದು ಇವರು ಹಿಂದಿನಿಂದ ಕೂಗಿದರು.

ಮುಟ್ಟಲಿಲ್ಲ. ಅಂಚಿನಲ್ಲಿದ್ದ ಡ್ರಮ್ಮಿನ ಹೊಟ್ಟೆಯ ಮೇಲೆ ಕೊಡೆಯ ತುದಿಯಿಂದ ತಡಕಿದೆ. ಒಂದು ಕಡೆ ತುದಿ ಒಳಗೆ ಹೋಯಿತು.

ಪಕ್ಕದ ಡ್ರಮ್ಮನ್ನೂ ತಡಕಿದೆ.